ಮಣ್ಣಿನ ಪಾಠ, ಮ್ಯಾಟಿನ ಲೆಕ್ಕ

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತದ ಕುಸ್ತಿ ತಂಡದಲ್ಲಿ ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ ಎಂಬ ಇಪ್ಪತ್ತೆರಡರ ತರುಣರಿದ್ದರು. ಕೊಲ್ಹಾಪುರದಲ್ಲಿ ಓದುತ್ತ, ಅಲ್ಲಿಯ ಕೆಂಪು ಮಣ್ಣಿನಲ್ಲಿ ಮೈ ಪಳಗಿಸಿಕೊಂಡವರು. ಲಂಡನ್ನಿನಲ್ಲಿ ಅವರಿಗಾಗಿ ಕಾದಿದ್ದದ್ದು ಮ್ಯಾಟು. ಊರಿದ ಕಾಲಬೆರಳನ್ನು ಮಣ್ಣಿನ ಹಾಗೆ ಹಿಡಿದುಕೊಳ್ಳದ, ಬಿದ್ದ ಮೈಗೆ ಮಣ್ಣಿನ ಹಾಗೆ ಅಂಟದ ನೆಲ ಅದು. ಜೊತೆಗೆ ಗಡಿಯಾರ, ಅಂಕ, ತೀರ್ಪುಗಾರರ ಸನ್ನೆ. ಅಮೆರಿಕದ ಮಾಜಿ ಕುಸ್ತಿಪಟು ರೀಸ್ ಗಾರ್ಡ್ನರ್ ಅವರಿಗೆ ಈ ಹೊಸ ಬಗೆಯ ಕುಸ್ತಿಯ ಪಾಠ ಹೇಳಿದರು. ಫ್ಲೈವೇಟ್ ವಿಭಾಗದಲ್ಲಿ ಜಾಧವರು ಆರನೆಯವರಾದರು. ನಾಲ್ಕು ವರ್ಷದ ಬಳಿಕ, 1952ರಲ್ಲಿ, ಹೆಲ್ಸಿಂಕಿಯಲ್ಲಿ ಬ್ಯಾಂಟಮ್‌ವೇಟ್ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದಕ್ಕಿದ ಮೊದಲ ಒಲಿಂಪಿಕ್ ಪದಕ ಅದು.

ಈ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ತಪ್ಪಿಲ್ಲ. ಆದರೆ ಅದರೊಳಗೆ ಕಲಿಸುವವರಿಗೆ ಸಂಬಂಧಿಸಿದ ಇನ್ನೊಂದು ಪ್ರಶ್ನೆಯೂ ಅಡಗಿದೆ. ಹತ್ತಾರು ವರ್ಷ ಮಣ್ಣಿನಲ್ಲಿ ಉರುಳಿ, ಎದುರಾಳಿಯ ಮೈಯನ್ನು ಕಣ್ಣು ಮುಚ್ಚಿಕೊಂಡೇ ಓದಬಲ್ಲ ಪೈಲ್ವಾನನಿಗೆ ಹೊಸ ಶಿಕ್ಷಕ ಏನನ್ನು ಹೇಳಬಹುದು? ಯಾವುದನ್ನು ಅಳೆದು ತೋರಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು? ಬೆಳಗಾವಿಯ ತಾಲೀಮುಗಳಲ್ಲಿ, ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಹುಡುಗರನ್ನು ತಯಾರು ಮಾಡುವವರ ಮುಂದೆ ಇಂದಿಗೂ ಇರುವ ಪ್ರಶ್ನೆ ಇದೇ.

ಬೆಳಗಾವಿಗೂ ಕೊಲ್ಹಾಪುರಕ್ಕೂ ಸುಮಾರು ನೂರಹತ್ತು ಕಿಲೋಮೀಟರ್ ಅಂತರ. ಕುಸ್ತಿಯ ಮಟ್ಟಿಗೆ ಅಷ್ಟೂ ಇಲ್ಲ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಪೈಲ್ವಾನರಿಗೆ ಆಶ್ರಯ ಕೊಟ್ಟು, ಖಾಸಬಾಗ ಮೈದಾನ ಕಟ್ಟಿಸಿ ಕೊಲ್ಹಾಪುರವನ್ನು ಮಲ್ಲರ ಕಾಶಿ ಮಾಡಿದ ಮೇಲೆ ಅದರ ಗಾಳಿ ಘಟಪ್ರಭೆ ಮಲಪ್ರಭೆಗಳವರೆಗೂ ಬೀಸಿತು. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ದೊಡ್ಡ ಕುಸ್ತಿ ಗೊತ್ತಾದರೆ ಗಡಿಯ ಎರಡೂ ಕಡೆಯಿಂದ ಜನ ಬಂದು ತುಂಬುತ್ತಾರೆ. ಊರ ಜಾತ್ರೆಗಳಲ್ಲಿ ಹಲಗಿಯ ಸದ್ದಿನ ನಡುವೆ ನಡೆಯುವುದು ಜಂಗಿ ನಿಕಾಲಿ ಕುಸ್ತಿ. ಒಬ್ಬನ ಎರಡೂ ಭುಜ ಮಣ್ಣಿಗೆ ಹತ್ತಿ ಅವನು ಚಿತ್ ಆಗುವ ತನಕ ಮುಗಿಯದ ಕಾಳಗ. ಪಟ್ಟುಗಳ ಹೆಸರೂ ಹಾಗೆಯೇ: ಢಾಕ್, ಕಲಾಜಂಗ್, ಘಿಸ್ಸಾ, ಧೋಬಿ ಪಛಾಡ್, ಮುಲ್ತಾನಿ. ಕನ್ನಡ ಮಾತಾಡುವ ವಸ್ತಾದನ ಬಾಯಲ್ಲೂ ಮರಾಠಿಯವನ ಬಾಯಲ್ಲೂ ಇವೇ ಪದ. ಮೈಸೂರಿನವರು ಗರಡಿ ಎನ್ನುವುದನ್ನು ಇಲ್ಲಿ ತಾಲೀಮು ಎನ್ನುತ್ತಾರೆ, ಅಷ್ಟೇ.

ತಾಲೀಮಿನ ಪಾಠ ಮಾತಿನಿಂದ ಶುರುವಾಗುವುದಿಲ್ಲ. ಹೊಸದಾಗಿ ಬಂದ ಹುಡುಗ ಮೊದಲು ಸಲಿಕೆ ಹಿಡಿಯುತ್ತಾನೆ. ಜರಡಿ ಹಿಡಿದ ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡಿದ ಕಣವನ್ನು ದಿನವೂ ಅಗೆದು ಮಗುಚಬೇಕು. ಮಣ್ಣು ಗಟ್ಟಿಯಾದರೆ ಬಿದ್ದವನಿಗೆ ಪೆಟ್ಟು, ತೀರ ಸಡಿಲಾದರೆ ಕಾಲಿಗೆ ಆಸರೆಯಿಲ್ಲ. ಹುಡುಗ ಅಗೆಯುತ್ತ ಅಗೆಯುತ್ತ ಆ ಹದವನ್ನು ಕಲಿಯುತ್ತಾನೆ. ಸೊಂಟ, ಬೆನ್ನು, ಮುಂಗೈ ತಾವಾಗಿಯೇ ಗಟ್ಟಿಯಾಗುತ್ತವೆ. ಆಮೇಲೆ ದಂಡ, ಬೈಠಕ್. ಆಮೇಲೆ ಜೋರು, ಅಂದರೆ ತನಗಿಂತ ದೊಡ್ಡವನೊಡನೆ, ಚಿಕ್ಕವನೊಡನೆ, ಹಗುರದವನೊಡನೆ, ಭಾರದವನೊಡನೆ ಸೋಲು ಗೆಲುವಿನ ಗೊಡವೆಯಿಲ್ಲದೆ ಹಿಡಿದಾಡುವುದು.

ವಸ್ತಾದ ಕಟ್ಟೆಯ ಮೇಲೆ ಕೂತು ನೋಡುತ್ತಿರುತ್ತಾನೆ. ಬಹಳ ಹೊತ್ತು ಬಾಯಿ ಬಿಡುವುದಿಲ್ಲ. ಬಿಟ್ಟರೆ, 'ಲೇ ತಮ್ಮಾ, ಅವನ ಭಾರ ಎಲ್ಲೈತಿ ನೋಡು' ಎನ್ನುವಷ್ಟೇ. ಕೆಲವೊಮ್ಮೆ ಕೆಳಗಿಳಿದು ಹುಡುಗನ ಮೊಣಕಾಲಿಗೆ ಒಂದು ತಟ್ಟು, ಕುತ್ತಿಗೆಗೆ ಒಂದು ಒತ್ತು. ಯಾಕೆ ಎಂದು ಕೇಳುವ ರೂಢಿ ಇಲ್ಲ. ಕೇಳಿದರೂ ಉತ್ತರ ಸಿಗುತ್ತದೆ ಎನ್ನುವ ಭರವಸೆಯಿಲ್ಲ. ಹೇಳಬಾರದೆಂಬ ಗುಟ್ಟು ಇದಕ್ಕೆ ಕಾರಣವಲ್ಲ. ಅವನಿಗೆ ಗೊತ್ತಿರುವುದು ಮಾತಾಗಿ ಗೊತ್ತಿಲ್ಲ, ಕೈಯಾಗಿ ಗೊತ್ತಿದೆ. ತತ್ತ್ವಜ್ಞಾನಿ ಮೈಕೆಲ್ ಪೊಲಾನಿ 1958ರ ತಮ್ಮ ಗ್ರಂಥದಲ್ಲಿ ಇಂಥ ಅರಿವನ್ನೇ ವಿಸ್ತಾರವಾಗಿ ಚರ್ಚಿಸಿದರು. ಸೈಕಲ್ ಓಡಿಸಬಲ್ಲವರಲ್ಲಿ ಹೆಚ್ಚಿನವರಿಗೆ ಅದು ಬೀಳದೆ ನಿಲ್ಲುವ ನಿಯಮ ಹೇಳಲು ಬರುವುದಿಲ್ಲ ಎಂಬುದು ಅವರು ಕೊಟ್ಟ ಪ್ರಸಿದ್ಧ ಉದಾಹರಣೆ.

ಚಾಲುಕ್ಯರ ಪುಸ್ತಕದಲ್ಲಿ

ಇದನ್ನು ಓದಿದವರು ಅನುಭವವೆಲ್ಲ ನಮ್ಮದು, ವಿಶ್ಲೇಷಣೆಯೆಲ್ಲ ಪರದೇಶದ್ದು ಎಂದುಕೊಂಡಾರು. ಹಾಗೆ ತಿಳಿಯುವವರು ಬಹಳ ಮಂದಿ ಇದ್ದಾರೆ. ಅವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವನ್ನು ಒಮ್ಮೆ ನೋಡಬೇಕು. 12ನೆಯ ಶತಮಾನದ ಎರಡನೆಯ ಪಾದದಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥದಲ್ಲಿ ಅಡುಗೆಯಿಂದ ಆನೆ ಹಿಡಿಯುವವರೆಗೆ ಎಲ್ಲವೂ ಇದೆ. ಮಲ್ಲವಿನೋದ ಎಂಬ ಭಾಗವೂ ಇದೆ. ಅಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ದರ್ಜೆ ಮಾಡಲಾಗಿದೆ. ಅವರ ವಯಸ್ಸು, ಮೈಕಟ್ಟು, ಬಲಗಳ ವಿಚಾರವಿದೆ. ಅವರಿಗೆ ಏನು ಉಣಿಸಬೇಕು ಎಂಬುದಿದೆ. ಸಾಧನೆಗಳನ್ನೂ ವಿಂಗಡಿಸಿದ್ದಾರೆ: ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ತೋಳಿನ ಸಾಧನೆ, ಕಂಬದ ಮೇಲಿನ ಸ್ತಂಭಶ್ರಮ. ಕೊನೆಯದರಲ್ಲಿ ಇಂದಿನ ಮಲ್ಲಕಂಬದ ಮೂಲವನ್ನು ಗುರುತಿಸುತ್ತಾರೆ.

ಖಾನಾಪುರಕ್ಕೆ ಈ ಪುಸ್ತಕ ತೀರ ದೂರದ್ದೂ ಅಲ್ಲ. ಖಾನಾಪುರ ತಾಲೂಕಿನ ಹಲಸಿ, ಅಂದಿನ ಹಲಸಿಗೆ ಅಥವಾ ಪಲಸಿಗೆ, ಗೋವೆಯ ಕದಂಬರ ಮುಖ್ಯ ನೆಲೆಗಳಲ್ಲಿ ಒಂದು. ಅಲ್ಲಿಯ ದೊರೆ ಇಮ್ಮಡಿ ಜಯಕೇಶಿ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಮದುವೆಯಾಗಿದ್ದ. ಸೋಮೇಶ್ವರ ಆ ವಿಕ್ರಮಾದಿತ್ಯನ ಮಗ. ಮಲ್ಲರನ್ನು ದರ್ಜೆ ಮಾಡಿ ಬರೆಸಿದ ದೊರೆಯ ಭಾವನೇ ಹಲಸಿಯನ್ನು ಆಳುತ್ತಿದ್ದ ಎಂದಾಯಿತು. ಎಣಿಸುವುದು, ವಿಂಗಡಿಸುವುದು ನಮ್ಮ ಕುಸ್ತಿಗೆ ಅಂಟಿಸಿದ ವಿಲಾಯತಿ ತೇಪೆಯಲ್ಲ ಎನ್ನಲು ಇಷ್ಟು ಸಾಕು. ನಡುವೆ ಎಲ್ಲೋ ಬರೆಯುವ ರೂಢಿ ಕಡಿದು, ಮಾಡುವ ರೂಢಿ ಉಳಿಯಿತು. 20ನೆಯ ಶತಮಾನದಲ್ಲಿ ಬಡೋದೆಯ ದತ್ತಾತ್ರೇಯ ಚಿಂತಾಮಣ ಮಜುಮದಾರರು ಹತ್ತು ಸಂಪುಟಗಳ ಮರಾಠಿ 'ವ್ಯಾಯಾಮ ಜ್ಞಾನಕೋಶ'ವನ್ನು ಹೊರತಂದದ್ದು ಆ ಕಡಿದ ಎಳೆಯನ್ನು ಮತ್ತೆ ಗಂಟು ಹಾಕಿದಂತೆ. ಆದರೆ ಹತ್ತು ಸಂಪುಟ ಓದಿ ಯಾರೂ ಪೈಲ್ವಾನರಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಸುತ್ತಿಗೆ ಹೇಳಿದ ಕಥೆ

ಜಾಧವರಿಗೆ ಹೆಸರು ತಂದ ಪಟ್ಟು ಢಾಕ್. ಎದುರಾಳಿಯ ಕುತ್ತಿಗೆಯನ್ನು ತೋಳಿನಲ್ಲಿ ಬಿಗಿದು, ಮೈ ತಿರುಗಿಸಿ, ಸೊಂಟದ ಮೇಲಿಂದ ಅವನನ್ನು ಎತ್ತಿ ಕೆಡವುವುದು. ಕಾಗದದ ಮೇಲೆ ಇದನ್ನು ಸುಲಭವಾಗಿ ಬಿಡಿಸಬಹುದು. ನನ್ನ ಸೊಂಟ ಅವನ ಸೊಂಟಕ್ಕಿಂತ ಕೆಳಗಿರಬೇಕು. ಸೊಂಟವೇ ಸನ್ನೆಗೋಲಿನ ಆನಿಕೆ, ತೋಳು ಎಳೆಯುವ ಬಲ. ಅವನ ಭಾರದ ಕೇಂದ್ರ ಅವನ ಪಾದಗಳ ಆಚೆ ಸರಿದರೆ ಮುಂದಿನದನ್ನು ಭೂಮಿಯೇ ನೋಡಿಕೊಳ್ಳುತ್ತದೆ. ಎಲ್ಲ ಸರಿ. ಆದರೆ ಆ ಭಾರ ಸರಿಯುವುದು ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ. ಅದನ್ನು ಕಣ್ಣಿನಿಂದ ಕಂಡು ಲೆಕ್ಕ ಹಾಕಿ ತಿರುಗುವ ಹೊತ್ತಿಗೆ ಎದುರಾಳಿ ನೆಟ್ಟಗೆ ನಿಂತಿರುತ್ತಾನೆ. ಎದೆಗೆ ಎದೆ ತಾಗಿದಾಗ ಚರ್ಮಕ್ಕೆ ತಿಳಿಯಬೇಕು. ವಸ್ತಾದ ಭಾರ ನೋಡು ಎಂದದ್ದು ಕಣ್ಣಿನಿಂದ ನೋಡಲು ಅಲ್ಲ.

ಜಪಾನಿನ ಜಿಗೊರೊ ಕಾನೊ ಇದನ್ನು ಚೆನ್ನಾಗಿ ಅರಿತಿದ್ದರು. 1882ರಲ್ಲಿ ಜೂಡೋ ಶಾಲೆ ತೆರೆದ ಅವರು ಒಂದು ಎಸೆತವನ್ನು ಮೂರು ತುಂಡು ಮಾಡಿ ಕಲಿಸಿದರು: ಎದುರಾಳಿಯ ಸಮತೋಲ ಕೆಡಿಸುವುದು, ತಾನು ಹೊಂದಿಕೊಳ್ಳುವುದು, ಎಸೆಯುವುದು. ತುಂಡು ಮಾಡಿದ್ದು ಮಾತಿನಲ್ಲಿ. ಅಭ್ಯಾಸವನ್ನು ಮಾತ್ರ ಎದುರಾಳಿಯೊಡನೆ ಬಿಡುಬೀಸಾಗಿ ಹಿಡಿದಾಡಲು ಬಿಟ್ಟರು.

ವಿಜ್ಞಾನ ಈ ವಿಷಯಕ್ಕೆ ಬಂದ ದಾರಿ ಸ್ವಾರಸ್ಯಕರವಾಗಿದೆ. 1920ರ ದಶಕದ ಆರಂಭದಲ್ಲಿ ಮಾಸ್ಕೋದ ಕೇಂದ್ರೀಯ ಶ್ರಮ ಸಂಸ್ಥೆಯಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ತರುಣ ವೈದ್ಯರಿದ್ದರು. ಕಾರ್ಖಾನೆಯ ಕೆಲಸಗಾರನಿಗೆ ಸುತ್ತಿಗೆ ಹೊಡೆಯುವ ಅತ್ಯುತ್ತಮ ರೀತಿಯೊಂದನ್ನು ಹುಡುಕಿಕೊಡಬೇಕೆಂಬುದು ಆ ಸಂಸ್ಥೆಯ ಆಸೆ. ಬರ್ನ್‌ಸ್ಟೈನ್ ನುರಿತ ಕೆಲಸಗಾರರ ತೋಳಿನ ಕೀಲುಗಳಿಗೆ ಪುಟ್ಟ ದೀಪಗಳನ್ನು ಕಟ್ಟಿ, ಅವರು ಹೊಡೆಯುವುದನ್ನು ಫಿಲ್ಮಿನ ಮೇಲೆ ಹಿಡಿದರು. ಕಂಡದ್ದು ನಿರೀಕ್ಷೆಗೆ ವಿರುದ್ಧ. ಸುತ್ತಿಗೆಯ ತುದಿ ಪ್ರತಿ ಸಲವೂ ಹೆಚ್ಚು ಕಡಿಮೆ ಒಂದೇ ಕಡೆ ಬೀಳುತ್ತಿತ್ತು. ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿ ಹೊಡೆತದಲ್ಲೂ ಬೇರೆ ಬೇರೆ ದಾರಿ ಹಿಡಿಯುತ್ತಿದ್ದವು. ಒಂದು ಕೀಲು ತುಸು ತಪ್ಪಿದರೆ ಇನ್ನೊಂದು ಅದನ್ನು ಸರಿದೂಗಿಸುತ್ತಿತ್ತು. ನುರಿತವನ ಗುಣ ಒಂದೇ ಚಲನೆಯನ್ನು ಯಂತ್ರದಂತೆ ಮರುಕಳಿಸುವುದರಲ್ಲಿಲ್ಲ. ಒಂದೇ ಗುರಿಯನ್ನು ಪ್ರತಿ ಸಲವೂ ಹೊಸದಾಗಿ ಮುಟ್ಟುವುದರಲ್ಲಿದೆ ಎಂದು ಅವರು ಕಂಡುಕೊಂಡರು.

ಈಗ ತಾಲೀಮಿನ ಜೋರನ್ನು ನೆನೆಯಿರಿ. ಒಂದೇ ಪಟ್ಟನ್ನು ದಿನಕ್ಕೊಬ್ಬ ಎದುರಾಳಿಯ ಮೇಲೆ, ಒಮ್ಮೆ ಒದ್ದೆ ಮಣ್ಣಿನಲ್ಲಿ, ಒಮ್ಮೆ ಒಣ ಮಣ್ಣಿನಲ್ಲಿ ಹಾಕಿ ನೋಡುವುದು. ದೀಪ ಕಟ್ಟದೆ, ಫಿಲ್ಮು ಓಡಿಸದೆ ತಾಲೀಮು ಬರ್ನ್‌ಸ್ಟೈನರ ತೀರ್ಮಾನಕ್ಕೆ ಬಂದುಬಿಟ್ಟಿತ್ತು. ಹಾಗೆಂದು ಎದೆ ಉಬ್ಬಿಸಬೇಕಾಗಿಲ್ಲ. ತಾಲೀಮಿಗೆ ಅದು ಗೊತ್ತಿತ್ತು, ಆದರೆ ಯಾಕೆ ಎಂದು ಗೊತ್ತಿರಲಿಲ್ಲ. ಯಾಕೆ ಎಂದು ತಿಳಿಯದ ರೂಢಿಯನ್ನು ಮುಂದಿನ ತಲೆಮಾರು ಸುಲಭವಾಗಿ ಕೈಬಿಡುತ್ತದೆ.

ಇದೇ ವಾದವನ್ನು ಅಮೆರಿಕದವರು ತಮ್ಮ ಬೇಸ್‌ಬಾಲ್ ಆಟದಲ್ಲಿ ಅರ್ಧ ಶತಮಾನದಿಂದ ಜಗ್ಗಾಡುತ್ತಿದ್ದಾರೆ. ಅಲ್ಲಿ ಸುಮಾರು ಹದಿನೆಂಟು ಮೀಟರ್ ದೂರದಿಂದ ಬರುವ ಚೆಂಡು ಅರ್ಧ ಸೆಕೆಂಡಿನೊಳಗೆ ದಾಂಡಿಗನನ್ನು ಮುಟ್ಟುತ್ತದೆ. ಉರುಟು ದಾಂಡಿನಿಂದ ಉರುಟು ಚೆಂಡನ್ನು ಹೊಡೆಯಬೇಕು. 1941ರ ಋತುವಿನಲ್ಲಿ ಸಾವಿರಕ್ಕೆ 406ರ ಸರಾಸರಿಯಲ್ಲಿ ಹೊಡೆದ ಟೆಡ್ ವಿಲಿಯಮ್ಸ್ 1970ರ ದಶಕದ ಆರಂಭದಲ್ಲಿ ಹೊಡೆತದ ವಿಜ್ಞಾನ ಎಂಬ ಅರ್ಥದ ಹೆಸರಿಟ್ಟು ಪುಸ್ತಕ ಬರೆದರು. ಚೆಂಡು ಬರಬಹುದಾದ ಜಾಗವನ್ನು 77 ಚೆಂಡುಗಳ ಚೌಕವಾಗಿ ಬಿಡಿಸಿ, ಯಾವ ಜಾಗದ ಚೆಂಡಿಗೆ ತಮ್ಮ ಸರಾಸರಿ ಎಷ್ಟಿದ್ದೀತು ಎಂದು ಬರೆದುಕೊಟ್ಟರು. 1980ರಲ್ಲಿ ಚಾರ್ಲಿ ಲಾವ್ ಹೊಡೆತದ ಕಲೆ ಎಂಬ ಹೆಸರಿನಲ್ಲಿ ಇನ್ನೊಂದು ಪುಸ್ತಕ ತಂದರು. ತಮಾಷೆಯೆಂದರೆ ವಿಜ್ಞಾನದ ಪುಸ್ತಕದ ಅಂಕಿಗಳು ಬಂದದ್ದು ವಿಲಿಯಮ್ಸರ ಅನುಭವದ ಅಂದಾಜಿನಿಂದ. ಕಲೆಯ ಪುಸ್ತಕ ಬಂದದ್ದು ವಿಡಿಯೋ ನೋಡಿ ನೋಡಿ ಪಾಠ ಹೇಳಿದ ಶಿಕ್ಷಕನಿಂದ. ಅಂದರೆ ಒಳ್ಳೆಯ ಶಿಕ್ಷಕರ ಬಳಿ ಎರಡೂ ಇರುತ್ತವೆ. ಜಗಳ ಇರುವುದು ಹೆಚ್ಚಾಗಿ ಶಿಷ್ಯರ ಗುಂಪಿನಲ್ಲಿ.

ಬೆಳಗಾವಿಯ ಸರ್ಜನ್

ಎರಡನ್ನೂ ಒಂದೇ ವೇದಿಕೆಯ ಮೇಲೆ ತಂದವರೊಬ್ಬರು ಬೆಳಗಾವಿಯಲ್ಲೇ ಇದ್ದರು. ಅವರು ಕುಸ್ತಿಯವರಲ್ಲ, ಸರಕಾರಿ ವೈದ್ಯರು. ವಿಷಯವೂ ಕುಸ್ತಿಯಲ್ಲ, ಯೋಗಾಸನ. ಆದರೆ ಮೈಗೆ ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ನಿದರ್ಶನ ನಮ್ಮ ಭಾಗದಲ್ಲಿ ಸಿಗುವುದು ಕಷ್ಟ.

1936ರಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಯೋಗ ಗುರು ತಿರುಮಲೈ ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಉತ್ತರ ಕರ್ನಾಟಕದ ಪ್ರವಾಸ ಮಾಡಿದರು. ಆ ಶಿಷ್ಯರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಒಬ್ಬರು. ಆಗಿನ್ನೂ ಹದಿನೆಂಟು ತುಂಬಿರದ, ಕಾಯಿಲೆಗಳಿಂದ ಸೊರಗಿ ಆಸನಗಳಿಂದ ಚೇತರಿಸಿಕೊಂಡಿದ್ದ ಹುಡುಗ. ಬೆಳಗಾವಿಯ ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ ಈ ಹುಡುಗನ ಆಸನಗಳನ್ನು ಕಂಡು ಬೆರಗಾದರು. ನಿವೃತ್ತರಾಗಿ ಪುಣೆಗೆ ಹೋದ ಮೇಲೆ 1937ರಲ್ಲಿ ಅಲ್ಲಿಯ ಡೆಕ್ಕನ್ ಜಿಮ್‌ಖಾನಾದಲ್ಲಿ ಆರು ತಿಂಗಳು ಪಾಠ ಹೇಳಲು ಅವರನ್ನು ಕರೆಸಲು ಕಾರಣರಾದರು. ಆರು ತಿಂಗಳಿಗೆಂದು ಹೋದ ಅಯ್ಯಂಗಾರ್ 2014ರಲ್ಲಿ ತೀರಿಕೊಳ್ಳುವವರೆಗೂ ಪುಣೆಯವರಾಗಿಯೇ ಉಳಿದರು.

ಪುಣೆಯಲ್ಲಿ ಇಬ್ಬರೂ ಸೇರಿ ಪ್ರಾತ್ಯಕ್ಷಿಕೆ ಕೊಡುತ್ತಿದ್ದರು. ವೈದ್ಯರು ದೇಹದ ರಚನೆಯನ್ನು ವಿವರಿಸುವರು, ಯುವಕ ಆಸನ ಮಾಡಿ ತೋರಿಸುವರು. ಹುಡುಗನಿಗೆ ಆಗ ಸ್ನಾಯುಗಳ ಹೆಸರು ಗೊತ್ತಿರಲಿಲ್ಲ, ವೈದ್ಯರ ಮೈ ಆಸನಗಳಿಗೆ ಬಾಗುತ್ತಿರಲಿಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. ಮುಂದೆ ಅಯ್ಯಂಗಾರ್ ಪದ್ಧತಿ ಎಂದು ಜಗತ್ತಿನ ತುಂಬ ಹರಡಿದ ಪಾಠದಲ್ಲಿ ಈ ಜೋಡಿಯ ಗುರುತು ಕಾಣುತ್ತದೆ. ಮಂಡಿಚಿಪ್ಪು, ತೊಡೆಯ ಸ್ನಾಯು, ಭುಜದ ಎಲುಬು ಎಂದು ಹೆಸರಿಟ್ಟು ಹೇಳುವ ಖಚಿತತೆ ಅಲ್ಲಿದೆ. ಹಗ್ಗ, ಪಟ್ಟಿ, ಮರದ ತುಂಡುಗಳಿಂದ ಆ ಭಾಗಕ್ಕೇ ನೇರವಾಗಿ ಪಾಠ ಮುಟ್ಟಿಸುವ ಕೈಚಳಕವೂ ಇದೆ. 1952ರಲ್ಲಿ ಅವರನ್ನು ಭೇಟಿಯಾದ ಪಿಟೀಲು ವಾದಕ ಯೆಹೂದಿ ಮೆನುಹಿನ್, ಮುಂದೆ ತಮ್ಮ ಅತ್ಯುತ್ತಮ ಪಿಟೀಲು ಗುರು ಎಂದು ಕೆತ್ತಿಸಿದ ಗಡಿಯಾರವನ್ನು ಅಯ್ಯಂಗಾರ್ಯರಿಗೆ ಕೊಟ್ಟರು. ಪಿಟೀಲನ್ನೇ ಹಿಡಿಯದವರಿಗೆ ಸಂದ ಬಿರುದು ಅದು.

ಗೋಖಲೆಯವರ ದೊಡ್ಡತನ ಎಲ್ಲಿದೆ ಎಂದು ಕೇಳಿದರೆ, ಅವರು ತಮ್ಮ ಶಸ್ತ್ರವೈದ್ಯದ ಭಾಷೆಯಿಂದ ಆ ಹುಡುಗನನ್ನು ತಿದ್ದಲು ಹೋಗಲಿಲ್ಲ. ಲೆಕ್ಕ ಗೊತ್ತಿದ್ದವರು ಲೆಕ್ಕ ಹೇಳಿದರು, ಮಾಡುವವರನ್ನು ಮಾಡಲು ಬಿಟ್ಟರು. ಇದು ಹೇಳಿದಷ್ಟು ಸುಲಭವಲ್ಲ. ಕ್ರೀಡಾ ಮನೋವಿಜ್ಞಾನದಲ್ಲಿ ಗಾಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಹಿಮದ ಮೇಲೆ ಜಾರುವ ಆಟವನ್ನು ಅಣಕಿಸುವ ಯಂತ್ರದ ಮೇಲೆ ನಿಂತವರಲ್ಲಿ ಕೆಲವರಿಗೆ ಪಾದದ ಮೇಲೆ ಗಮನವಿಡಿ ಎಂದರು, ಕೆಲವರಿಗೆ ಪಾದದಡಿಯ ಯಂತ್ರದ ಚಕ್ರಗಳ ಮೇಲೆ ಗಮನವಿಡಿ ಎಂದರು. ಎರಡರ ನಡುವೆ ಅಂತರ ಕೆಲವೇ ಅಂಗುಲ. ಆದರೂ ಚಕ್ರದ ಮೇಲೆ ಗಮನವಿಟ್ಟವರು ಚೆನ್ನಾಗಿ ಕಲಿತರು. ತನ್ನ ಮೈಯನ್ನೇ ನೋಡಿಕೊಳ್ಳುತ್ತ ಮಾಡುವ ಕೆಲಸ ತಡವರಿಸುತ್ತದೆ. ಮೊಣಕಾಲನ್ನು ಇಷ್ಟು ಡಿಗ್ರಿ ಬಾಗಿಸು ಎನ್ನುವ ತರಬೇತುದಾರನಿಗಿಂತ, ಅವನ ಭಾರ ಎಲ್ಲಿದೆ ನೋಡು ಎನ್ನುವ ವಸ್ತಾದ ಈ ವಿಷಯದಲ್ಲಿ ವಿಜ್ಞಾನಕ್ಕೆ ಹತ್ತಿರದವನು. ಆದರೆ ಆಸನ ಕುಸ್ತಿಯಲ್ಲ; ನಿಂತಲ್ಲೇ ನಿಂತು ಹುಡುಕಲು ಅಲ್ಲಿ ಪುರುಸೊತ್ತಿದೆ. ಅಂಗಾಂಗದ ಹೆಸರು ಹಿಡಿದು ಕಲಿಸುವ ಕ್ರಮ ಅಲ್ಲಿ ಒಗ್ಗಿದಷ್ಟು ಕಣದಲ್ಲಿ ಒಗ್ಗದು.

ಲೆಕ್ಕ ತಪ್ಪಿದರೆ

ಇಷ್ಟು ಹೇಳಿದ ಮೇಲೆ ತಾಲೀಮಿನ ಪಕ್ಷ ವಹಿಸಿದಂತೆ ಕಾಣಬಹುದು. ಹಾಗಾಗದಿರಲು ಮತ್ತೆ ಹೆಲ್ಸಿಂಕಿಗೆ ಹೋಗೋಣ. ಜಾಧವರನ್ನು ಅಲ್ಲಿಗೆ ಕಳಿಸಲು ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೀಕರ್ ತಮ್ಮ ಮನೆಯನ್ನು ಅಡವಿಟ್ಟು 7,000 ರೂಪಾಯಿ ಕೊಟ್ಟರೆಂಬುದು ಪ್ರಸಿದ್ಧ. ಅಲ್ಲಿ ಜಪಾನಿನ ಶೊಹಾಚಿ ಇಶಿಯೊಡನೆ ದೀರ್ಘವಾಗಿ ಸೆಣಸಿ ಸೋತ ಜಾಧವರನ್ನು ಹೆಚ್ಚು ವಿರಾಮವಿಲ್ಲದೆ ಸೋವಿಯತ್ ಕುಸ್ತಿಪಟು ರಶೀದ್ ಮಮದ್‌ಬೆಯೊವ್ ಎದುರು ಕಣಕ್ಕೆ ಕರೆದರು. ಎರಡು ಕುಸ್ತಿಗಳ ನಡುವೆ ಅರ್ಧ ತಾಸಿನ ಬಿಡುವು ಕೊಡಬೇಕೆಂಬ ನಿಯಮವಿತ್ತು, ಅದನ್ನು ಎತ್ತಿ ಹಿಡಿದು ಕೇಳಲು ಭಾರತದ ಅಧಿಕಾರಿ ಯಾರೂ ಹತ್ತಿರ ಇರಲಿಲ್ಲ ಎಂದು ಅವರ ವೃತ್ತಾಂತದಲ್ಲಿ ಹೇಳುತ್ತ ಬಂದಿದ್ದಾರೆ. ದಣಿದ ಮೈಯಲ್ಲಿ ಎಷ್ಟು ಅನುಭವವಿದ್ದರೇನು? ಅಲ್ಲಿ ಬೇಕಾಗಿದ್ದದ್ದು ನಿಯಮದ ಪುಸ್ತಕ ಓದಿದ, ಗಡಿಯಾರ ನೋಡುವ ಒಬ್ಬ ಮನುಷ್ಯ.

ಮ್ಯಾಟಿನ ಕುಸ್ತಿಯಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗಿದೆ. ಒಂಬತ್ತು ಮೀಟರ್ ವ್ಯಾಸದ ವೃತ್ತ, ಮೂರು ಮೂರು ನಿಮಿಷದ ಎರಡು ಸುತ್ತು. ಕೆಡವಿ ಹತೋಟಿಗೆ ತಂದರೆ ಎರಡು ಅಂಕ, ಎತ್ತರದ ಎಸೆತಕ್ಕೆ ನಾಲ್ಕೋ ಐದೋ. ಚಿತ್ ಮಾಡದೆಯೂ ಗೆಲ್ಲಬಹುದು. ಜಾತ್ರೆಯ ಕಣದಲ್ಲಿ ಎದುರಾಳಿಯನ್ನು ಅರ್ಧ ತಾಸು ದಣಿಸಿ ಕೊನೆಗೆ ಕೆಡಹುವ ಪೈಲ್ವಾನ ಇಲ್ಲಿ ದಣಿಸುವ ಮೊದಲೇ ಸೋತಿರುತ್ತಾನೆ. ಮಣ್ಣಿನಲ್ಲಿ ಎದುರಾಳಿಯ ಚಡ್ಡಿ ಹಿಡಿದು ಎತ್ತುವುದು ಸಕ್ರಮ, ಮ್ಯಾಟಿನಲ್ಲಿ ಉಡುಪು ಹಿಡಿದರೆ ತಪ್ಪು. ನೆಟ್ಟಗೆ ನಿಂತು ಕುತ್ತಿಗೆಗೆ ಕೈ ಹಾಕುವವನ ಕಾಲಿಗೆ ಮ್ಯಾಟಿನ ಹುಡುಗ ಮಿಂಚಿನಂತೆ ನುಗ್ಗುತ್ತಾನೆ. ಹೀಗಾಗಿ ಬಾಗಿ ನಿಲ್ಲುವುದನ್ನು ಕಲಿಸಲೇಬೇಕು, ಉಸಿರಿನ ಶಕ್ತಿಯನ್ನು ಬೇರೆ ರೀತಿ ಬೆಳೆಸಲೇಬೇಕು. ತೂಕದ ವಿಷಯವಂತೂ ಹೇಳುವುದೇ ಬೇಡ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಕಿಲೋ ವಿಭಾಗದ ಫೈನಲ್ ತಲುಪಿದ ವಿನೇಶ್ ಫೋಗಟ್ ಫೈನಲ್ ದಿನ 100 ಗ್ರಾಂ ಹೆಚ್ಚು ತೂಗಿದರೆಂದು ಅನರ್ಹರಾದದ್ದನ್ನು ಇಡೀ ದೇಶ ನೋಡಿತು.

ತಾಲೀಮಿನ ರೂಢಿಯಲ್ಲಿ ಕೈಬಿಡಲೇಬೇಕಾದವೂ ಇವೆ. ಬಾದಾಮಿ, ತುಪ್ಪ, ಹಾಲು ಎಷ್ಟು ಹೊಟ್ಟೆಗಿಳಿದರೆ ಅಷ್ಟು ಬಲ ಎಂಬ ನಂಬಿಕೆ, ಉಳುಕಿದ ಕೀಲಿಗೆ ಮಣ್ಣು ತಿಕ್ಕಿ ಮತ್ತೆ ಕಣಕ್ಕೆ ಇಳಿಸುವುದು, ಕುತ್ತಿಗೆಗೆ ಬಿದ್ದ ಪೆಟ್ಟನ್ನು ಗಂಡಸುತನದ ಗುರುತೆಂದು ಎಣಿಸುವುದು. ಇವುಗಳಲ್ಲಿ ಅನುಭವದ ಸೂಕ್ಷ್ಮವೇನೂ ಇಲ್ಲ, ಬರಿಯ ರೂಢಿ. ಇಲ್ಲಿ ವೈದ್ಯರ ಮಾತೇ ಕೊನೆಯ ಮಾತಾಗಬೇಕು.

ಇನ್ನೊಂದು ದೊಡ್ಡ ವಿಷಯವಿದೆ. ವಸ್ತಾದನ ಕೈಯಿಂದ ಶಿಷ್ಯನ ಮೈಗೆ ಹೋಗುತ್ತಿದ್ದ ಈ ವಿದ್ಯೆ ಊರಿನ ಅರ್ಧ ಜನರಿಗೆ ಮುಚ್ಚಿತ್ತು. ತಾಲೀಮಿನ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. 1961ರಲ್ಲಿ ಪಟಿಯಾಲಾದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಶುರುವಾಗಿ, ಅಲ್ಲಿ ಕಲಿತ ತರಬೇತುದಾರರು ಸೀಟಿ, ಮ್ಯಾಟು, ಪಠ್ಯಕ್ರಮ ಹಿಡಿದು ಜಿಲ್ಲೆಗಳಿಗೆ ಬಂದರು. ಬರೆದಿಟ್ಟ ಪಾಠ ಯಾರ ಮಗಳಿಗಾದರೂ ಹೇಳಬಹುದಾದ ಪಾಠ. ಖಾನಾಪುರಕ್ಕೆ ಹತ್ತಿಕೊಂಡ ಹಳಿಯಾಳದಲ್ಲಿ ಕುಸ್ತಿಯ ಕ್ರೀಡಾನಿಲಯ ಬಂದ ಮೇಲೆ ಅಲ್ಲಿಯ ಹುಡುಗಿಯರೂ ಕಣಕ್ಕಿಳಿದರು. ಬೆಳಗಾವಿಯ ಬಳಿಯ ತುರಮರಿಯ ಮಲಪ್ರಭಾ ಜಾಧವ ಬೆಳಗಾವಿಯಲ್ಲಿ ಜೂಡೋ ಕಲಿತು, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 52 ಕಿಲೋ ಕುರಾಶ್ ವಿಭಾಗದ ಕಂಚು ತಂದರು. ಕುರಾಶ್ ಉಜ್ಬೇಕಿಸ್ತಾನದ ಹಳೆಯ ಕುಸ್ತಿ. ಏಷ್ಯನ್ ಕೂಟಕ್ಕೆ ಅದು ಕಾಲಿಟ್ಟದ್ದೇ ಆ ವರ್ಷ. ಮಧ್ಯ ಏಷ್ಯಾದ ಹಳ್ಳಿಗಳ ಮೈಯ ವಿದ್ಯೆ ಬೆಳಗಾವಿಯ ರೈತರ ಮನೆಯ ಹುಡುಗಿಗೆ ದಕ್ಕಿದ್ದು ಅದನ್ನು ಯಾರೋ ನಿಯಮವಾಗಿ, ಪಾಠವಾಗಿ ಬರೆದಿಟ್ಟದ್ದರಿಂದ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಹೊಳೆಯ ಹೆಸರೇ ಆಕೆಯದು ಎಂಬುದು ನಮ್ಮವರಿಗೆ ಬೇರೆಯೇ ಸಂತೋಷ.

ಹಾಗಾದರೆ ಮ್ಯಾಟು ಬಂದಲ್ಲಿ ಮಣ್ಣು ಬೇಡವೇ? ದೆಹಲಿಯ ಉದಾಹರಣೆ ಬೇರೆ ಹೇಳುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದು ಜಾಧವರ ನಂತರದ 56 ವರ್ಷಗಳ ಬರವನ್ನು ನೀಗಿಸಿದರು. ಅವರನ್ನು ಛತ್ರಸಾಲ್ ಕ್ರೀಡಾಂಗಣದ ಮ್ಯಾಟಿನ ಮೇಲೆ ತಿದ್ದಿದ ಸತ್ಪಾಲ್ ಸ್ವತಃ ಗುರು ಹನುಮಾನರ ಮಣ್ಣಿನ ಆಖಾಡದಿಂದ ಬಂದವರು. ಕಲಿಸಿದವರ ಕೈಯಲ್ಲಿ ಮಣ್ಣಿತ್ತು, ಕಲಿತವರ ಕಾಲಡಿ ಮ್ಯಾಟಿತ್ತು.

ನಮ್ಮ ಭಾಗದಲ್ಲಿ ಈ ಜೋಡಣೆ ಇನ್ನೂ ಅರೆಬರೆ. ಒಂದು ಮ್ಯಾಟಿಗೆ ಲಕ್ಷಗಟ್ಟಲೆ ಹಣ. ಹಳ್ಳಿಯ ತಾಲೀಮಿಗೆ ಅದು ಎಲ್ಲಿಂದ ಬರಬೇಕು? ಮ್ಯಾಟು ಇರುವಲ್ಲಿ ಹುಡುಗರ ತೂಕ, ಓಟದ ಸಮಯ, ಎತ್ತಿದ ಭಾರ ಎಲ್ಲವನ್ನೂ ಬರೆದಿಡುತ್ತಾರೆ. ಆದರೆ ಹತ್ತು ಬಗೆಯ ಮೈಗಳೊಡನೆ ಗೊಡವೆಯಿಲ್ಲದೆ ಹಿಡಿದಾಡುವ ಜೋರಿಗೆ ವೇಳಾಪಟ್ಟಿಯಲ್ಲಿ ಜಾಗ ಕಡಿಮೆ. ಮಣ್ಣು ಇರುವಲ್ಲಿ ಜೋರು ಇದೆ, ಬರೆದಿಡುವವರಿಲ್ಲ. ಎಪ್ಪತ್ತು ದಾಟಿದ ವಸ್ತಾದರು ಕಟ್ಟೆಯ ಮೇಲೆ ಕೂತು ಯಾವ ಹುಡುಗನ ಯಾವ ತಪ್ಪನ್ನು ಯಾವ ಮಾತಿನಿಂದ, ಯಾವ ತಟ್ಟಿನಿಂದ ಸರಿಮಾಡುತ್ತಾರೆ ಎಂಬುದನ್ನು ಒಬ್ಬರು ಒಂದು ಮಳೆಗಾಲ ಪಕ್ಕದಲ್ಲಿ ಕೂತು ಗುರುತು ಹಾಕಿಕೊಂಡರೆ ಸಾಕು. ಮೊಬೈಲು ಎಲ್ಲರ ಜೇಬಿನಲ್ಲಿದೆ. ಬರ್ನ್‌ಸ್ಟೈನರು ದೀಪ ಕಟ್ಟಿ ಹಿಡಿದಿದ್ದನ್ನು ಇಂದು ಖಾನಾಪುರದ ಕಾಲೇಜು ಹುಡುಗನೂ ಹಿಡಿಯಬಲ್ಲ. ಆ ಚಿತ್ರವನ್ನು ಮೊದಲು ವಸ್ತಾದನಿಗೆ ತೋರಿಸಬೇಕು, ಪೈಲ್ವಾನನಿಗಲ್ಲ. ಅದರಲ್ಲಿ ಹುಡುಗನಿಗೆ ಹೇಳಬೇಕಾದ ಎರಡೇ ಎರಡು ಮಾತು ಯಾವುದೆಂದು ಆರಿಸಿಕೊಡುವುದು ಅವನ ಕೆಲಸ.